ಕಂಡಕ್ಟರಿಗೆ ಬಾಕಿ ಚಿಲ್ಲರೆ

ನನಗೆ ಕಂಡಕ್ಟರುಗಳೆಂದರೆ ಪ್ರಾಣ ಎಂದು ಒಮ್ಮೆ ನೆಂಟರ ಮನೆಯ ಪಂಕ್ತಿಯಲ್ಲಿ ಬಾಯಿಬಿಟ್ಟೆ. ಎದುರೆಲೆಯ ಸೋದರಮಾವ ಸಾರನ್ನ ಕಲಸುತ್ತಿದ್ದವರು ಕೈ ನಿಲ್ಲಿಸಿ, "ಯಾವ ರೂಟಿನವರು?" ಎಂದರು.

ತಪ್ಪು ಅವರದಲ್ಲ. ನಮ್ಮಲ್ಲಿ ಕಂಡಕ್ಟರ್ ಎಂದರೆ ಸೀಟಿ ಊದುವವರು, ಟಿಕೆಟ್ಟಿನ ಬೆನ್ನಿಗೆ ಬಾಕಿ ಚಿಲ್ಲರೆ ಗೀಚಿಕೊಡುವವರು. ಆರ್ಕೆಸ್ಟ್ರಾ ಎಂದರೆ ಗಣೇಶನ ಪೆಂಡಾಲಿನಲ್ಲಿ ಸಿನಿಮಾ ಹಾಡು ಹಾಡುವ ತಂಡ. ಹೀಗಿರುವಾಗ, ನೂರು ಜನ ವಾದ್ಯಗಾರರೆದುರು ತಾಳ ತೋರಿಸುವ ಕಡ್ಡಿ ಹಿಡಿದು, ದುಡ್ಡು ಕೊಟ್ಟು ಬಂದ ಪ್ರೇಕ್ಷಕರಿಗೆ ಬೆನ್ನು ಹಾಕಿ, ತಾನು ಒಂದು ಸ್ವರವನ್ನೂ ನುಡಿಸದೆ ಬೆವರು ಸುರಿಸುವ ಯುರೋಪಿನ ಆ ಮಹಾನುಭಾವನನ್ನು ಎಲೆಯ ಮುಂದೆ ಕೂತು ಹೇಗೆ ವಿವರಿಸುವುದು? "ನಮ್ಮದಲ್ಲದ ಸಂಗೀತ ನಿನಗೇಕೋ?" ಎಂದು ಮಾವ ಮುಂದುವರಿಸಿದರು. ಮೈಸೂರಿನ ಜಯಚಾಮರಾಜ ಒಡೆಯರ್ ಲಂಡನ್ನಿನ ಫಿಲ್ಹಾರ್ಮೋನಿಯಾ ವಾದ್ಯವೃಂದಕ್ಕೆ ನೆರವಾಗಿದ್ದರು, ರಷ್ಯಾ ಮೂಲದ ಸಂಯೋಜಕ ಮೆಟ್ನರ್ ತನ್ನ ಮೂರನೇ ಪಿಯಾನೊ ಕನ್‌ಚೆರ್ಟೊವನ್ನು ಅವರಿಗೇ ಅರ್ಪಿಸಿದ್ದಾನೆ ಎಂದು ನನ್ನ ಬ್ರಹ್ಮಾಸ್ತ್ರ ಬಿಟ್ಟೆ. ಮಾವ ಮಜ್ಜಿಗೆ ಹಾಕಿಸಿಕೊಳ್ಳುತ್ತ, "ಮಹಾರಾಜರಿಗೇನಪ್ಪ, ಅಂಬಾರಿಯ ಮೇಲೆ ಹೋಗುವವರು. ನೀನು ದಿನಾ ಬೆಳಗ್ಗೆ ಬೀದಿಯಲ್ಲಿ ಓಡುತ್ತೀಯಂತಲ್ಲ" ಎಂದರು.

ಹೌದು, ಓಡುತ್ತೇನೆ. ಕಿವಿಯಲ್ಲಿ ಸಿಂಫನಿ ಇಟ್ಟುಕೊಂಡು ಓಡುತ್ತೇನೆ. ನನ್ನ ಪಾಡಿಗೆ ನಾನಿದ್ದೆ, ನಮ್ಮ ಅಪಾರ್ಟ್‌ಮೆಂಟಿನ ಮೂರನೇ ಮಹಡಿಯವರು ಕೈಗೆ ಗಡಿಯಾರ ಕಟ್ಟಿಕೊಳ್ಳುವವರೆಗೆ.

ಬೆಂಗಳೂರಿನಲ್ಲಿ ಈಗ ಎದುರು ಸಿಕ್ಕವರು "ಊಟ ಆಯಿತಾ?" ಎಂದು ಕೇಳುವುದಿಲ್ಲ. "ಪೇಸ್ ಎಷ್ಟು ಸರ್?" ಎಂದು ಕೇಳುತ್ತಾರೆ. ಒಂದು ಕಿಲೋಮೀಟರಿಗೆ ಎಷ್ಟು ನಿಮಿಷ ಎಂದರ್ಥ. ಲಿಫ್ಟಿನಲ್ಲಿ ಸಿಕ್ಕ ಮೂರನೇ ಮಹಡಿಯವರಿಗೆ "ಏಳು, ಏಳೂವರೆ" ಎಂದೆ. ಮನೆಯಲ್ಲಿ ಯಾರಿಗೋ ಹುಷಾರಿಲ್ಲ ಎಂದು ಕೇಳಿದವರಂತೆ ಅವರ ಮುಖ ಬಾಡಿತು. ಯಾವ ಹಾಡು ಕೇಳುತ್ತೀರಿ ಎಂದರು. ಬ್ರುಕ್ನರ್‌ನ ಸಿಂಫನಿ ಎಂದೆ. "ಬಿಪಿಎಂ ಎಷ್ಟು?" ಎಂದರು.

ನಿಮಿಷಕ್ಕೆ ಎಷ್ಟು ಪೆಟ್ಟು ಎಂಬ ಲೆಕ್ಕ ಅದು. 180 ಇರಲೇಬೇಕಂತೆ, ಹೆಜ್ಜೆಯೂ ಅಷ್ಟೇ ಬೀಳಬೇಕಂತೆ. ಈ 180ರ ಮೂಲ ನನಗೆ ಗೊತ್ತು. 1984ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ನಲ್ಲಿ ಜ್ಯಾಕ್ ಡೇನಿಯಲ್ಸ್ ಎಂಬ ತರಬೇತುದಾರ ಓಟಗಾರರ ಹೆಜ್ಜೆ ಎಣಿಸುತ್ತ ಕೂತ. ಹೆಚ್ಚುಕಡಿಮೆ ಎಲ್ಲರದೂ 180 ಅಥವಾ ಅದಕ್ಕಿಂತ ಮೇಲಿತ್ತು. ಜಗತ್ತಿನ ಅತಿ ವೇಗದವರು ಪದಕಕ್ಕಾಗಿ ಓಡುವಾಗ ಹಾಕಿದ ಹೆಜ್ಜೆಯನ್ನೇ, ಇಡ್ಲಿ ಕರಗಿಸಲು ಓಡುವವರೂ ಹಾಕಬೇಕೆಂದು ಅಂದೇ ತೀರ್ಮಾನವಾಯಿತೋ ಏನೋ. ಬ್ರುಕ್ನರ್‌ನ ನಿಧಾನ ಭಾಗವನ್ನು 180ಕ್ಕೆ ಏರಿಸಿದರೆ ಇಗರ್ಜಿಯ ಆರ್ಗನ್ನು ಹಿಟ್ಟಿನ ಗಿರಣಿಯಾದೀತು ಎಂದೆ. "ಅದಕ್ಕೂ ಆ್ಯಪ್ ಇದೆ ಸರ್" ಎಂದು ನನ್ನ ಮೊಬೈಲ್ ಕಿತ್ತುಕೊಂಡು ಹಾಕಿಯೇ ಕೊಟ್ಟರು. ನಿಮ್ಮ ಹೆಜ್ಜೆ ಹೇಗೋ ಸಂಗೀತದ ವೇಗ ಹಾಗೆ. ಅಂದರೆ ಕಂಡಕ್ಟರ್ ನೀವೇ.

ಮರುದಿನ ಲಾಲ್‌ಬಾಗಿನಲ್ಲಿ ಬೀಥೋವನ್‌ನ ಏಳನೇ ಸಿಂಫನಿಯ ಎರಡನೇ ಭಾಗಕ್ಕೆ ನಾನೇ ಕಂಡಕ್ಟರಾದೆ. ಗೇಟು ದಾಟುವಾಗ ಚೆನ್ನಾಗಿಯೇ ಇತ್ತು. ಬೀದಿನಾಯಿಯೊಂದು ಗುರ್ ಎಂದಾಗ ಇಡೀ ವಾದ್ಯವೃಂದ ಮೂರು ಸೆಕೆಂಡು ಚಂಡೆಮೇಳವಾಯಿತು. ಕೆಂಪೇಗೌಡ ಗೋಪುರದ ಬಂಡೆ ಹತ್ತುವಾಗ ಅರುವತ್ತು ಪಿಟೀಲುಗಳು ಒಟ್ಟಿಗೆ ಏದುಸಿರು ಬಿಟ್ಟವು. ನಿಂತು ಶೂ ದಾರ ಕಟ್ಟಿಕೊಂಡೆ. ಬೀಥೋವನ್ ಅರ್ಧ ಸ್ವರದಲ್ಲಿ ಬಾಯಿ ತೆರೆದುಕೊಂಡು ಕಾದ. ಮುನ್ನೂರು ಕೋಟಿ ವರ್ಷದ ಬಂಡೆ ಎನ್ನುತ್ತಾರೆ ಅದನ್ನು. ಅದಕ್ಕೊಂದೇ ಪೇಸಿನ ಚಿಂತೆ ಇರಲಿಲ್ಲ.

ಕಾಲಿನಿಂದ ಕಾಲ ಹಾಕುವ ಈ ವಿದ್ಯೆಗೆ ಕುಲದೈವವೊಂದು ಬೇಕಾದರೆ ಫ್ರಾನ್ಸಿನ ಸಂಯೋಜಕ ಲುಲ್ಲಿ ಇದ್ದಾನೆ. 1687ರಲ್ಲಿ ಹದಿನಾಲ್ಕನೇ ಲೂಯಿ ಶಸ್ತ್ರಚಿಕಿತ್ಸೆಯಿಂದ ಚೇತರಿಸಿಕೊಂಡನೆಂದು ಪ್ಯಾರಿಸಿನಲ್ಲಿ ಹಾಡು ಏರ್ಪಾಡಾಗಿತ್ತು. ಆಗ ಕಡ್ಡಿಯಲ್ಲ, ಭಾರಿ ದೊಣ್ಣೆಯಿಂದ ನೆಲ ಕುಟ್ಟಿ ತಾಳ ಹಾಕುವ ರೂಢಿ. ಲುಲ್ಲಿ ಆವೇಶದಲ್ಲಿ ಸ್ವಂತ ಕಾಲ್ಬೆರಳಿಗೇ ಕುಟ್ಟಿಕೊಂಡ. ಗಾಯ ಕೊಳೆಯಿತು, ಕಾಲು ತೆಗೆಸಲು ಒಪ್ಪಲಿಲ್ಲ, ಸತ್ತ. ರಾಜ ಇನ್ನೂ ಇಪ್ಪತ್ತೆಂಟು ವರ್ಷ ಬದುಕಿದ. ಕತೆ ಕೇಳಿದ ಮೂರನೇ ಮಹಡಿಯವರು ಚಪ್ಪಲಿ ಕಳಚಿ, ಓಡಿ ಓಡಿ ಕಪ್ಪಾದ ತಮ್ಮ ಎರಡು ಉಗುರುಗಳನ್ನು ಪ್ರೀತಿಯಿಂದ ತೋರಿಸಿದರು.

ಅವರ ಮನಸ್ಸು ಕರಗಿಸಲು ಸಂಯೋಜಕರನ್ನು ಒಬ್ಬೊಬ್ಬರಾಗಿ ಕರೆತಂದೆ. 1705ರಲ್ಲಿ ಇಪ್ಪತ್ತು ವರ್ಷದ ಬಾಖ್ ಜರ್ಮನಿಯ ಆರ್ನ್‌ಸ್ಟಾಟಿನಿಂದ ಲ್ಯೂಬೆಕ್ಕಿಗೆ ಸುಮಾರು 400 ಕಿಲೋಮೀಟರ್ ನಡೆದೇ ಹೋದ, ಅಲ್ಲಿನ ಆರ್ಗನ್ ವಾದಕ ಬುಕ್ಸ್‌ಟೆಹೂಡನ ಸಂಗೀತ ಕೇಳಲು. ನಾಲ್ಕು ವಾರದ ರಜೆ ಪಡೆದವನು ತಿಂಗಳುಗಟ್ಟಲೆ ತಡಮಾಡಿ ಬಂದ ಎಂದೆ. "ಸ್ಕ್ರೀನ್‌ಶಾಟ್ ಇದೆಯಾ?" ಎಂದರು. ಪಿಯಾನೊ ವಾದಕ ಗ್ಲೆನ್ ಗೂಲ್ಡ್ 1955ರಲ್ಲಿ ಬಾಖ್‌ನ ಗೋಲ್ಡ್‌ಬರ್ಗ್ ವೇರಿಯೇಷನ್ಸನ್ನು ಸುಮಾರು 38 ನಿಮಿಷದಲ್ಲಿ ನುಡಿಸಿದ್ದ, 1981ರಲ್ಲಿ ಅದನ್ನೇ ಮತ್ತೆ ನುಡಿಸಿದಾಗ 51 ನಿಮಿಷ ತೆಗೆದುಕೊಂಡ ಎಂದೆ. ಅವರು ಬಹಳ ಹೊತ್ತು ಸುಮ್ಮನಿದ್ದು, "ಪಾಪ. ಮೊಣಕಾಲಾ?" ಎಂದರು.

ಬ್ರುಕ್ನರ್‌ನನ್ನು ಕರೆತಂದದ್ದು ಮಾತ್ರ ನನ್ನದೇ ಎಡವಟ್ಟು. ಆಸ್ಟ್ರಿಯಾದ ಹಳ್ಳಿಯ ಮೇಷ್ಟರ ಮಗ, ದೈವಭಕ್ತ, ಸಂಕೋಚದ ಮುದ್ದೆ. ಅವನಿಗೆ ಎಣಿಕೆಯ ಗೀಳಿತ್ತು. ಕಟ್ಟಡ ಕಂಡರೆ ಕಿಟಕಿ ಎಣಿಸುವನು. ತನ್ನದೇ ಸಿಂಫನಿಯ ಹಾಳೆಗಳಲ್ಲಿ ಆವರ್ತಗಳನ್ನು ಎಣಿಸಿ ಕೆಳಗೆ ಅಂಕಿ ಬರೆಯುವನು. ದಿನದ ಪ್ರಾರ್ಥನೆಗಳ ಲೆಕ್ಕವನ್ನೂ ಬರೆದಿಡುವನು. ಇಷ್ಟು ಹೇಳುವಷ್ಟರಲ್ಲಿ ಮೂರನೇ ಮಹಡಿಯವರ ಕಣ್ಣು ತುಂಬಿ ಬಂತು. ಅವರಿಗೆ ತಮ್ಮವನೊಬ್ಬ ಸಿಕ್ಕಿದ್ದ.

ಉಳಿದ ಕತೆಯನ್ನೂ ಹೇಳಿದೆ. 1881ರಲ್ಲಿ ವಿಯೆನ್ನಾದಲ್ಲಿ ಅವನ ನಾಲ್ಕನೇ ಸಿಂಫನಿಯ ತಾಲೀಮು. ನಡೆಸಿದವನು ಹಾನ್ಸ್ ರಿಕ್ಟರ್, ಆ ಕಾಲದ ದೊಡ್ಡ ಹೆಸರು. ತಾಲೀಮು ಮುಗಿದಾಗ ಬ್ರುಕ್ನರ್ ಖುಷಿಯಲ್ಲಿ ಓಡಿಬಂದು, ಒಂದು ಥಾಲರ್ ನಾಣ್ಯವನ್ನು ಅವನ ಅಂಗೈಗೆ ಒತ್ತಿ, ಬಿಯರ್ ಕುಡಿಯಿರಿ ಎಂದನಂತೆ. ಹೋಟೆಲಿನ ಮಾಣಿಗೆ ಕೊಡುವಂತೆ, ಕಂಡಕ್ಟರಿಗೆ ಚಿಲ್ಲರೆ! ರಿಕ್ಟರ್ ಬೇಸರಪಡದೆ ಆ ನಾಣ್ಯವನ್ನು ತನ್ನ ಗಡಿಯಾರದ ಸರಪಳಿಗೆ ಕಟ್ಟಿಕೊಂಡು ಓಡಾಡಿದನಂತೆ. ನನ್ನ ಕಣ್ಣೂ ಒದ್ದೆಯಾಗುವ ಜಾಗ ಅದು. "ಗಡಿಯಾರ, ಅದಕ್ಕೊಂದು ಮೆಡಲ್" ಎಂದು ಮೂರನೇ ಮಹಡಿಯವರು ತಲೆದೂಗಿದರು. "ಆ ಕಾಲಕ್ಕೇ ಇತ್ತು ನೋಡಿ."

ಅವರ ಮಾತಿಗೆ ಕಟ್ಟುಬಿದ್ದು ಒಂದು ಭಾನುವಾರದ ಹತ್ತು ಕಿಲೋಮೀಟರ್ ಓಟಕ್ಕೆ ಹಣ ಕಟ್ಟಿದೆ. ಬೆಳಗಿನ ಜಾವ ನಾಲ್ಕೂವರೆಗೆ ಮೈದಾನದಲ್ಲಿ ಧ್ವನಿವರ್ಧಕಗಳು ಎದೆಗೂಡು ನಡುಗಿಸುತ್ತಿದ್ದವು. ಆರೋಗ್ಯಕ್ಕಾಗಿ ಓಡಲು ಬಂದ ಸಾವಿರಾರು ಜನ, ಸುತ್ತಲಿನ ಬಡಾವಣೆಯವರ ನಿದ್ದೆಯನ್ನು ಅದಕ್ಕೇ ಆಹುತಿ ಕೊಟ್ಟು, ವೇದಿಕೆಯ ಮೇಲಿನವರು ಕೈ ಎತ್ತಿದರೆ ಕೈ ಎತ್ತುತ್ತಿದ್ದರು. ಮುಂದೆ "70" ಎಂದು ಬರೆದ ಬಾವುಟದ ಕೋಲು ಹಿಡಿದ ಒಬ್ಬರಿದ್ದರು. ಪೇಸರ್ ಅಂತೆ. ಅವರ ಹಿಂದೆ ಓಡಿದರೆ 70 ನಿಮಿಷಕ್ಕೆ ಮುಟ್ಟುತ್ತೇವೆ. ಕೈಯಲ್ಲಿ ಕೋಲು, ನಮಗೆ ಬೆನ್ನು. ನನಗೆ ತಕ್ಷಣ ಭಕ್ತಿ ಉಕ್ಕಿತು. ಆರನೇ ಕಿಲೋಮೀಟರಿನಲ್ಲಿ ಅವರು ಬಾವುಟವನ್ನು ನನ್ನ ಕೈಗೆ ಕೊಟ್ಟು, ಒಂದು ನಿಮಿಷ ಎಂದು ಶೌಚಾಲಯದ ಕಡೆ ಹೋದರು. ಅಲ್ಲಿಂದ ನನ್ನನ್ನು ನಂಬಿ ಬಂದ ಮೂವತ್ತು ಜನ ಯಾರೂ 70ಕ್ಕೆ ಮುಟ್ಟಲಿಲ್ಲ.

ಮೆಡಲ್ ಕೊರಳಿಗೆ ಬಿತ್ತು, ಬಾಳೆಹಣ್ಣು ಕೈಗೆ. ಕಾಲು ಸೋತಿದ್ದರಿಂದ ಬಸ್ಸು ಹತ್ತಿದೆ.

"ಮೊದಲನೇ ಬಹುಮಾನವಾ ಸಾರ್?" ಎಂದರು ಕಂಡಕ್ಟರ್.

"ಇಲ್ಲ, ಓಡಿದವರಿಗೆಲ್ಲ ಕೊಡುತ್ತಾರೆ."

"ದುಡ್ಡೂ ಕೊಟ್ಟರಾ?"

"ನಾವೇ ಕಟ್ಟಬೇಕು."

ಅವರು ನನ್ನನ್ನೊಮ್ಮೆ, ಮೆಡಲನ್ನೊಮ್ಮೆ ನೋಡಿ, ಟಿಕೆಟ್ ಹರಿದು, ಬೆನ್ನಿಗೆ ಏನೋ ಗೀಚಿ ಕೊಟ್ಟು ಸೀಟಿ ಊದಿದರು. ಭಾನುವಾರದ ಖಾಲಿ ರಸ್ತೆಯಲ್ಲಿ ಬಸ್ಸು ಹಾರಿತು.

ಮನೆಗೆ ಬಂದು ನೋಡಿದರೆ ಮೊಬೈಲಿನ ಆ್ಯಪ್ ನಿಲ್ಲಿಸುವುದನ್ನೇ ಮರೆತಿದ್ದೆ. ಕೊನೆಯ ಆರು ಕಿಲೋಮೀಟರ್, ಕಿಲೋಮೀಟರಿಗೆ 2 ನಿಮಿಷ 58 ಸೆಕೆಂಡ್. 2023ರಲ್ಲಿ ಷಿಕಾಗೋದಲ್ಲಿ ಕೆಲ್ವಿನ್ ಕಿಪ್ಟಮ್ ಮ್ಯಾರಥಾನ್ ವಿಶ್ವದಾಖಲೆ ಬರೆದ ವೇಗಕ್ಕಿಂತ ಆರೇಳು ಸೆಕೆಂಡು ಹಿಂದೆ. ಓಟಗಾರರ ಗುಂಪಿಗೆ ಅದು ತಾನಾಗಿಯೇ ಹೋಗಿ, ಆಗಲೇ ನಲವತ್ತು ಜನ ಚಪ್ಪಾಳೆ ತಟ್ಟಿದ್ದರು. ಮೂರನೇ ಮಹಡಿಯವರು ಬರೆದಿದ್ದರು: "ಅದ್ಭುತ ಸರ್! ಯಾವ ಕಂಡಕ್ಟರ್?"

ಜೇಬಿಗೆ ಕೈಹಾಕಿದೆ. ಟಿಕೆಟ್ ಸಿಕ್ಕಿತು. ಬೆನ್ನಿನ ಮೇಲೆ ನೀಲಿ ಶಾಯಿಯಲ್ಲಿ: ಬಾಕಿ 8.