ಅದೇ ಹಾಡು, ಇಳಿಸಿದ ಶ್ರುತಿ

ಅಮೆರಿಕದ ಹಾಡುಗಾರ ಜಾನ್ ಪ್ರೈನ್ ಅವರ ಹಾಡು ಕೇಳಬೇಕು, ಎಲ್ಲಿಂದ ಶುರು ಮಾಡಲಿ ಅಂತ ಮೊನ್ನೆ ಗೆಳೆಯನೊಬ್ಬ ಕೇಳಿದ. ಸಾಮಾನ್ಯವಾಗಿ ಎಲ್ಲರೂ 1971ರ ಮೊದಲ ಆಲ್ಬಮ್ ಕಡೆ ಕೈ ತೋರಿಸುತ್ತಾರೆ. ನಾನು 2000ನೇ ಇಸವಿಯ 'ಸೂವನೀರ್ಸ್' ಕೇಳು ಅಂದೆ. ಅದರಲ್ಲಿ ಹೊಸ ಹಾಡು ಒಂದೂ ಇಲ್ಲ. ಇರುವ 15 ಹಾಡೂ ಅವರೇ ಹಿಂದೆ ಹಾಡಿದ್ದವು, ಅವನ್ನೇ ಮತ್ತೆ ಸ್ಟುಡಿಯೋದಲ್ಲಿ ಕೂತು ಮೊದಲಿಂದ ಹಾಡಿದ್ದಾರೆ. 'ಅಲ್ಲ ಮಾರಾಯ, ಒರಿಜಿನಲ್ ಇರುವಾಗ ಹಳೇದನ್ನೇ ತಿರುಗಿ ಹಾಡಿದ್ದನ್ನ ಯಾಕೆ ಕೇಳಲಿ?' ಅಂದ. ಮೆಸೇಜಲ್ಲಿ ಉತ್ತರ ಬರೆಯೋಕೆ ಕೂತೆ, ಉದ್ದವಾಯಿತು, ಇಲ್ಲೇ ಹಾಕುತ್ತಿದ್ದೇನೆ.

ಪ್ರೈನ್ ಶಿಕಾಗೋ ಪಕ್ಕದ ಮೇವುಡ್‌ನವರು. ಪೋಸ್ಟ್‌ಮ್ಯಾನ್ ಆಗಿದ್ದರು. ಕಾಗದದ ಚೀಲ ಹೊತ್ತು ಬೀದಿ ಬೀದಿ ನಡೆಯುತ್ತಲೇ ಹಾಡು ಕಟ್ಟುತ್ತಿದ್ದರು. 1970ರಲ್ಲಿ ಸಿನಿಮಾ ವಿಮರ್ಶಕ ರೋಜರ್ ಈಬರ್ಟ್ ಶಿಕಾಗೋದ ಫಿಫ್ತ್ ಪೆಗ್ ಅನ್ನುವ ಕ್ಲಬ್ಬಲ್ಲಿ ಇವರ ಹಾಡು ಕೇಳಿ, ಹಾಡುವ ಪೋಸ್ಟ್‌ಮ್ಯಾನ್ ಒಬ್ಬನಿದ್ದಾನೆ ಅಂತ ಪೇಪರಲ್ಲಿ ಬರೆದರು. ಆಮೇಲೆ ಆಗಲೇ ಹೆಸರಾಗಿದ್ದ ಹಾಡುಗಾರ ಕ್ರಿಸ್ ಕ್ರಿಸ್ಟೋಫರ್‌ಸನ್ ಕೇಳಿ ಬೆರಗಾದರು. ಮುಂದಿನ ವರ್ಷವೇ ಅಟ್ಲಾಂಟಿಕ್ ಕಂಪನಿಯಿಂದ ಮೊದಲ ಆಲ್ಬಮ್ ಬಂತು. ಆಗ ಅವರಿಗೆ 24 ವರ್ಷ.

ನಾನು ಪದೇ ಪದೇ ಯೋಚಿಸುವುದು ಈ ವಯಸ್ಸಿನ ಬಗ್ಗೆಯೇ. ಅಷ್ಟು ಚಿಕ್ಕ ಹುಡುಗ ಬರೆದದ್ದು ಯಾರ ಬಗ್ಗೆ? ವಯಸ್ಸಾದವರ ಬಗ್ಗೆ. 'ಹಲೋ ಇನ್ ದೇರ್' ಅನ್ನುವ ಹಾಡಿನಲ್ಲಿ ಒಂದು ಮುದಿ ಜೋಡಿ. ಮಕ್ಕಳು ದೊಡ್ಡವರಾಗಿ ಒಬ್ಬೊಬ್ಬರು ಒಂದೊಂದು ಕಡೆ ಸೇರಿದ್ದಾರೆ, ಒಬ್ಬ ಮಗ ಕೊರಿಯಾ ಯುದ್ಧದಲ್ಲಿ ಹೋಗಿಬಿಟ್ಟ, ಈಗ ಗಂಡ ಹೆಂಡತಿ ನಡುವೆ ಮಾತೇ ಕಡಿಮೆ. 'ಏಂಜಲ್ ಫ್ರಮ್ ಮಾಂಟ್ಗೊಮರಿ'ಯಲ್ಲಿ ಮಾತಾಡುವವಳು ಒಬ್ಬ ಮುದುಕಿ, ಅವಳ ಅಡುಗೆಮನೆಯಲ್ಲಿ ನೊಣ ಗುಂಯ್‌ಗುಡುತ್ತಿರುತ್ತದೆ. 1971ರ ರೆಕಾರ್ಡಿಂಗ್ ಕೇಳಿದರೆ ತೆಳು ಧ್ವನಿ, ಸ್ವಲ್ಪ ಮೂಗಿನ ರಾಗ. ಪಕ್ಕದ ಮನೆ ಅಜ್ಜಿಯ ಕಷ್ಟ ನೋಡಿ ಬಂದ ಒಳ್ಳೇ ಹುಡುಗ ನಮಗೆ ಹೇಳುತ್ತಿದ್ದಾನೆ ಅನ್ನಿಸುತ್ತದೆ. ಚೆನ್ನಾಗಿಯೇ ಇದೆ. ಆದರೆ ಅವನು ಹೊರಗಿಂದ ನೋಡಿದವನು.

1998ರ ಹೊತ್ತಿಗೆ ಕತ್ತಿನ ಕ್ಯಾನ್ಸರ್. ಆಪರೇಷನ್‌ನಲ್ಲಿ ಕತ್ತಿನ ಒಂದಿಷ್ಟು ಭಾಗವನ್ನೇ ತೆಗೆದರು, ಜೊತೆಗೆ ರೇಡಿಯೇಷನ್. ಧ್ವನಿ ಇಳಿದುಹೋಯಿತು, ಒರಟಾಯಿತು. ಮೊದಲಿನ ಶ್ರುತಿಗೆ ಗಂಟಲು ಏಳುತ್ತಿರಲಿಲ್ಲ. ಒಬ್ಬ ಹಾಡುಗಾರನಿಗೆ ಇದಕ್ಕಿಂತ ದೊಡ್ಡ ಪೆಟ್ಟು ಇನ್ನೇನಿದೆ ಹೇಳಿ. ಅವರು ಸುಮ್ನೆ ಶ್ರುತಿ ಇಳಿಸಿಕೊಂಡರು. ಹಾಗೆ ಇಳಿಸಿ ಹಾಡುವಾಗ ತಮ್ಮ ಹಳೇ ಹಾಡುಗಳೇ ತಮಗೆ ಹೊಸದಾಗಿ ಸಿಕ್ಕವು ಅಂತ ಆಮೇಲೆ ಅವರೇ ಹೇಳಿಕೊಂಡಿದ್ದಾರೆ. 'ಸೂವನೀರ್ಸ್' ಆ ಗಂಟಲಿನ ಆಲ್ಬಮ್.

ಇದರ ಕೊನೇ ಹಾಡು 'ಹಲೋ ಇನ್ ದೇರ್'. ಅದನ್ನು ಮೊದಲ ಸಲ ಕೇಳಿದಾಗ ನಾನು ತೀರ್ಥಹಳ್ಳಿ ಹತ್ತಿರ ನಮ್ಮ ದೊಡ್ಡಮ್ಮನ ಮನೆಯಲ್ಲಿದ್ದೆ. ಮೂರು ಮಕ್ಕಳು, ಇಬ್ಬರು ಅಮೆರಿಕದಲ್ಲಿ, ಒಬ್ಬ ಪುಣೆಯಲ್ಲಿ. ಭಾನುವಾರ ಬೆಳಿಗ್ಗೆ ಫೋನ್ ಬರುತ್ತದೆ. ಊಟ ತಿಂಡಿ ಆಯ್ತಾ, ಮಾತ್ರೆ ತಗೊಂಡ್ಯಾ, ಅಲ್ಲಿ ಮಳೆನಾ, ಇಷ್ಟೇ. ಅವತ್ತು ಆ ಕಡೆಯಿಂದ ಫೋನ್ ಇಟ್ಟಾಯಿತು, ನನಗೆ ಗೊತ್ತಾಗುತ್ತಿತ್ತು, ಪರದೆ ಕತ್ತಲಾಗಿತ್ತು. ದೊಡ್ಡಮ್ಮ ಮಾತ್ರ ಫೋನನ್ನು ಕಿವಿಯಿಂದ ತೆಗೆಯಲೇ ಇಲ್ಲ. ಸ್ವಲ್ಪ ಹೊತ್ತು ಹಾಗೇ ಜಗಲಿ ಮೇಲೆ ಕೂತಿದ್ದರು, ಆಮೇಲೆ ಸೆರಗಿನಿಂದ ಫೋನ್ ಒರೆಸಿ ಟಿವಿ ಪಕ್ಕ ಇಟ್ಟರು. ರಾತ್ರಿ ಕಿವಿಗೆ ಇಯರ್‌ಫೋನ್ ಹಾಕಿಕೊಂಡು ಆ ಹಾಡು ಕೇಳಿದೆ. 1971ರದ್ದನ್ನು ಅದಕ್ಕೂ ಮೊದಲು ಎಷ್ಟೋ ಸಲ ಕೇಳಿದ್ದೆ, ಅಳು ಬಂದಿರಲಿಲ್ಲ. ಅವತ್ತು ತಡೆಯೋಕಾಗಲಿಲ್ಲ. ಈ ಸಲ ಹಾಡುತ್ತಿದ್ದದ್ದು ಆ ಮನೆಯ ಒಳಗೆ ಕೂತವರೇ.

'ಸ್ಯಾಮ್ ಸ್ಟೋನ್' ಕೂಡ ಹಾಗೇ ಬದಲಾಗಿದೆ. ವಿಯೆಟ್ನಾಂನಿಂದ ಗಾಯ ಮತ್ತು ಪದಕ ಎರಡನ್ನೂ ತಂದ ಸೈನಿಕ, ನೋವಿಗೆ ಕೊಟ್ಟ ಮಾರ್ಫಿನ್‌ನಿಂದ ಶುರುವಾದ ಚಟ, ಕಣ್ಣೆದುರೇ ಮುಳುಗುವ ಮನೆ. ಪ್ರೈನ್ ಕೂಡ ಸೈನ್ಯದಲ್ಲಿದ್ದವರು, ಅವರನ್ನು ಜರ್ಮನಿಗೆ ಕಳಿಸಿದ್ದರಿಂದ ಬಚಾವಾದರು. ಮೊದಲ ಸಲ ಹಾಡಿದಾಗ ಯುದ್ಧ ಇನ್ನೂ ನಡೆಯುತ್ತಿತ್ತು, ಹಾಡಿನಲ್ಲಿ ಸಿಟ್ಟಿತ್ತು. 2000ದಲ್ಲಿ ಸಿಟ್ಟು ಆರಿದೆ, ಸತ್ತವನ ಹೆಸರು ನೆನೆದು ಹಾಡಿದ ಹಾಗಿದೆ.

ಇನ್ನೊಂದು ವಿಷಯವೂ ಇದೆ, ದುಡ್ಡಿನದ್ದು. ಹಾಡು ಬರೆದವನ ಹಕ್ಕು ಬೇರೆ, ರೆಕಾರ್ಡಿಂಗ್ ಮೇಲಿನ ಹಕ್ಕು ಬೇರೆ. ಮೊದಲಿನ ಟೇಪುಗಳು ದೊಡ್ಡ ಕಂಪನಿಗಳ ಕೈಯಲ್ಲಿದ್ದವು. ಪ್ರೈನ್ 1981ರಲ್ಲೇ ಗೆಳೆಯರ ಜೊತೆ ಸೇರಿ ಓ ಬಾಯ್ ಅನ್ನುವ ಸ್ವಂತ ಕಂಪನಿ ಕಟ್ಟಿದವರು, ಈ ಆಲ್ಬಮ್ ಬಂದದ್ದೂ ಅದರಿಂದಲೇ. ಇದನ್ನು ಕೆಲವರು ವ್ಯಾಪಾರ ಅಂತಾರೆ. ಇರಲಿ ಬಿಡಿ, ತಾನು ಕಟ್ಟಿದ ಹಾಡಿನ ಒಂದು ಧ್ವನಿಮುದ್ರಿಕೆಯಾದರೂ ತನ್ನದಾಗಿರಲಿ ಅಂತ ಆಸೆಪಡುವುದರಲ್ಲಿ ತಪ್ಪೇನಿದೆ? 2021ರಲ್ಲಿ ಟೇಲರ್ ಸ್ವಿಫ್ಟ್ ತಮ್ಮ ಹಳೇ ಆಲ್ಬಮ್‌ಗಳನ್ನು ಹೀಗೇ ಮತ್ತೆ ಹಾಡಿ ಹೊರತರೋಕೆ ಶುರು ಮಾಡಿದಾಗ ಇಡೀ ಜಗತ್ತು ಚಪ್ಪಾಳೆ ಹೊಡೆಯಿತು, ಅಲ್ವಾ. ಒಂದು ವ್ಯತ್ಯಾಸವಿದೆ. ಅವರು ಹೊಸದೂ ಆದಷ್ಟು ಹಳೇದರ ಹಾಗೆಯೇ ಕೇಳಲಿ ಅಂತ ಕಷ್ಟಪಟ್ಟರು. ಪ್ರೈನ್ ತನ್ನ ಗಂಟಲಿಗೆ ಏನಾಗಿದೆಯೋ ಅದನ್ನು ಹಾಗೇ ಮೈಕಿನ ಮುಂದೆ ಇಟ್ಟರು. ನನಗೆ ಇದು ಜಾಸ್ತಿ ಹಿಡಿಸುತ್ತದೆ.

ಎಲ್ಲ ಹಾಡಿಗೂ ಈ ಶ್ರುತಿ ಒಗ್ಗಿದೆ ಅಂತಲ್ಲ. 'ಪ್ಲೀಸ್ ಡೋಂಟ್ ಬರಿ ಮಿ' ತುಂಟ ಹಾಡು, ಅದಕ್ಕೆ 1973ರ ಆ ಹುಡುಗನ ಚುರುಕುತನವೇ ಸರಿ.

ಮತ್ತೆ, 'ಪ್ಯಾರಡೈಸ್' ಈ ಆಲ್ಬಮ್‌ನಲ್ಲಿ ಇಲ್ಲ. ಇದು ನನ್ನ ನಿಜವಾದ ಬೇಸರ. ಕೆಂಟಕಿಯಲ್ಲಿ ಅವರ ಅಪ್ಪ ಅಮ್ಮನ ಕಡೆಯ ಊರನ್ನು ಕಲ್ಲಿದ್ದಲಿಗಾಗಿ ಅಗೆದು ಹಾಕಿದ್ದರ ಬಗ್ಗೆ ಇರುವ ಹಾಡು ಅದು. ಸಂಡೂರಿನ ಗುಡ್ಡ ನೋಡಿದವರಿಗೆ ಅದರ ಅರ್ಥ ಬಿಡಿಸಿ ಹೇಳಬೇಕಿಲ್ಲ. ಅಪ್ಪನಿಗಾಗಿಯೇ ಬರೆದದ್ದು. ಮಗ ಟೇಪ್ ತಂದು ಹಾಕಿದಾಗ ಅಪ್ಪ ಎದ್ದು ಪಕ್ಕದ ಕೋಣೆಗೆ ಹೋಗಿ ಕೂತು ಕೇಳಿದರಂತೆ, ಜೂಕ್‌ಬಾಕ್ಸಿನಲ್ಲಿ, ಅಂದರೆ ಕಾಸು ಹಾಕಿದರೆ ಹಾಡು ಹಾಕುವ ಪೆಟ್ಟಿಗೆಯಲ್ಲಿ, ಬರುತ್ತಿದೆ ಅಂತ ಅಂದುಕೊಳ್ಳೋಕೆ. ತಾನು ಸತ್ತರೆ ಬೂದಿಯನ್ನು ಅಲ್ಲಿನ ಗ್ರೀನ್ ನದಿಯಲ್ಲಿ ಬಿಡಿ ಅಂತ ಆ ಹಾಡಿನಲ್ಲಿ ಒಂದು ಮಾತು ಬರುತ್ತದೆ, 24ರ ಹುಡುಗ ಹಾಡಿದ ಮಾತು. 2020ರ ಏಪ್ರಿಲ್ 7ರಂದು ಪ್ರೈನ್ ಕೋವಿಡ್‌ನಿಂದ ತೀರಿಕೊಂಡರು. ಮನೆಯವರು ಅರ್ಧ ಬೂದಿಯನ್ನು ಶಿಕಾಗೋದಲ್ಲಿ ಅವರ ಅಪ್ಪ ಅಮ್ಮನ ಪಕ್ಕ ಮಣ್ಣು ಮಾಡಿದರು, ಇನ್ನರ್ಧವನ್ನು ಆ ನದಿಗೆ ಬಿಟ್ಟರು.