ಫೋಟೋಗೆ ಸಿಗದ ಮೂರು ಸಾಲು

ಫೋಟೋದಲ್ಲಿ ಕಾಣುವುದನ್ನೇ ಕೆಳಗೆ ಕವಿತೆ ಮಾಡಿ ಬರೆಯಬೇಡಿ. ಬಹಳ ದಿನದಿಂದ ಮನಸ್ಸಿನಲ್ಲಿದ್ದ ಮಾತು, ಇವತ್ತು ಹೇಳಿಬಿಡುತ್ತೇನೆ.

ಮಂಜು ಕವಿದ ಬೆಟ್ಟದ ಫೋಟೋ ಹಾಕುತ್ತಾರೆ. ಕೆಳಗೆ 'ಮಂಜಿನ ಮುಸುಕು ಹೊದ್ದ ಬೆಟ್ಟ' ಅಂತ ಬರೆಯುತ್ತಾರೆ. ಅದು ಕಣ್ಣಿಗೇ ಕಾಣುತ್ತಿದೆ, ಅಲ್ವಾ? ಕ್ಯಾಮೆರಾಗೆ ಸಿಗದೆ ಹೋದದ್ದು ಎಷ್ಟೋ ಇರುತ್ತದೆ. ವಾಸನೆ, ಸದ್ದು, ಕ್ಲಿಕ್ ಮಾಡಿದ ಮರುಕ್ಷಣ ಆದದ್ದು, ಪಕ್ಕದಲ್ಲಿ ಕೂತವರು ಮಾಡಿದ್ದು. ಕವಿತೆ ಬೇಕಾಗಿರುವುದು ಅಲ್ಲಿ.

ನಾನು ಮೈಸೂರು–ಬೆಂಗಳೂರು ರೈಲಿನಲ್ಲಿ ಓಡಾಡುವವಳು. ಶ್ರೀರಂಗಪಟ್ಟಣದಲ್ಲಿ ಕಾವೇರಿ, ಮಂಡ್ಯದಲ್ಲಿ ಕಬ್ಬು, ಮದ್ದೂರಿನಲ್ಲಿ ಶಿಂಷಾ, ರಾಮನಗರದಲ್ಲಿ ಬಂಡೆ. ಯಾರೂ ಇದನ್ನು ಪ್ರವಾಸ ಅನ್ನುವುದಿಲ್ಲ. ಆದರೆ ನೋಡುವುದಕ್ಕೆ ಇಷ್ಟು ಸಾಕು. ಮಂಡ್ಯದ ಹತ್ತಿರ ಆಲೆಮನೆಯ ಫೋಟೋ ತೆಗೆದರೆ ಬರುವುದು ಬರೀ ಹೊಗೆ. ಅದರ ಕೆಳಗೆ ಬರೆದದ್ದು ಇದು:

ಆಲೆಮನೆ ದಾಟಿತು
ಇಡೀ ಬೋಗಿಯ ನಿದ್ದೆಗೆ
ಬೆಲ್ಲದ ವಾಸನೆ

ನೀಲಕಂಠ ನಮ್ಮ ರಾಜ್ಯಪಕ್ಷಿ. ಕರೆಂಟಿನ ತಂತಿ ಮೇಲೆ ಸುಮ್ನೆ ಕೂತಿದ್ದಾಗ ದೂರಕ್ಕೆ ಕಂದು ಬಣ್ಣದ ಸಾಧಾರಣ ಹಕ್ಕಿ ಅನ್ನಿಸುತ್ತದೆ. ಅದರ ನೀಲಿ ಎಲ್ಲ ರೆಕ್ಕೆ ಬಿಚ್ಚಿದಾಗ. ಓಡುವ ರೈಲಿನಿಂದ, ನನ್ನ ಮೊಬೈಲಿನಲ್ಲಿ, ಆ ರೆಕ್ಕೆ ಸಿಗುವುದಿಲ್ಲ. ಕೂತ ಹಕ್ಕಿಯ ಚಿತ್ರವನ್ನೇ ಹಾಕಿ ಹೀಗೆ ಬರೆದೆ:

ತಂತಿ ಮೇಲೆ ಕಂದು ಹಕ್ಕಿ
ರೈಲು ಕೂಗಿತು
ಬಿಸಿಲಲ್ಲೆಲ್ಲ ನೀಲಿ

ಮೂರು ಸಾಲು ಅಂದ ಕೂಡಲೇ ಜಪಾನಿನ ಹೈಕು ನೆನಪಾಗುತ್ತದೆ. ಸಂತೋಷ. ಆದರೆ ಮೂರು ಸಾಲು ನಮಗೆ ಹೊಸದಲ್ಲ. ಬಾದಾಮಿಯ ಕಪ್ಪೆ ಅರಭಟ್ಟನ ಶಾಸನದಲ್ಲೇ ತ್ರಿಪದಿ ಇದೆ. ಬೀಸುವ ಕಲ್ಲಿನ ಮುಂದೆ ಕೂತ ಹೆಂಗಸರು ಹಾಡಿದ್ದೂ ತ್ರಿಪದಿಯನ್ನೇ. ಹಾಗಾಗಿ ಹೈಕುವಿನ ಹಾಗೆ ಮೂರು ಸಾಲಿಗೆ 5-7-5 ಅಕ್ಷರ ಅಂತ ಬೆರಳು ಮಡಚಿ ಎಣಿಸುವ ಗೋಜು ನಮಗೆ ಬೇಡ ಅನ್ನುವುದು ನನ್ನ ಅಭಿಪ್ರಾಯ.

ಹೈಕುವಿನಿಂದ ಕಲಿಯಬೇಕಾದದ್ದು ಬೇರೆ ಇದೆ. ಅದರಲ್ಲಿ ಯಾವ ಕಾಲ ಅಂತ ತಿಳಿಸುವ ಒಂದು ಮಾತು ಇರಬೇಕು ಅನ್ನುವ ಪದ್ಧತಿ ಇದೆ. ಇದಕ್ಕೆ ನಮ್ಮ ಹತ್ತಿರ ಎಂಥ ಆಸ್ತಿ ಇದೆ ನೋಡಿ! ನಮ್ಮಲ್ಲಿ ಮಳೆಗೂ ಹೆಸರಿದೆ. ಏಪ್ರಿಲ್ ಕೊನೆಗೆ ಭರಣಿ, ಮೇ ಕೊನೆಗೆ ರೋಹಿಣಿ, ಜೂನ್‌ನಲ್ಲಿ ಮೃಗಶಿರ, ಆರಿದ್ರಾ. ಒಂದೊಂದಕ್ಕೂ ಹೆಚ್ಚುಕಡಿಮೆ ಎರಡು ವಾರ. 'ಭರಣಿ ಮಳೆ ಧರಣಿಯೆಲ್ಲಾ ಬೆಳೆ' ಅಂತ ಗಾದೆಯೇ ಇದೆ. ಆದರೂ ನಮ್ಮ ಕವಿತೆಗಳಲ್ಲಿ ಬರೀ 'ಮಳೆ', ಜಾಸ್ತಿ ಅಂದರೆ 'ತುಂತುರು ಮಳೆ'. ಭರಣಿ ಅಂದರೆ ಸಾಕು, ಬಿಸಿಲಲ್ಲಿ ಬಿರಿದ ಹೊಲ, ಬಿತ್ತನೆಯ ಆಸೆ, ಎಲ್ಲ ತಾನಾಗೇ ಬಂದುಬಿಡುತ್ತದೆ.

ಭರಣಿ ಮಳೆ
ಕಿಟಕಿ ಮುಚ್ಚಿದ ರೈತ
ಮತ್ತೆ ತೆರೆದ

ಮರಕ್ಕೂ ಹೆಸರು ಬೇಕು. ಬೇಸಿಗೆಯಲ್ಲಿ ಗೊಂಚಲು ಗೊಂಚಲಾಗಿ ಇಳಿಬಿದ್ದದ್ದು 'ಹಳದಿ ಹೂ' ಅಲ್ಲ, ಕಕ್ಕೆ. ಎಲೆಯೆಲ್ಲ ಉದುರಿದ ಮೇಲೆ ಕೆಂಪಾಗಿ ಉರಿಯುವುದು ಮುತ್ತುಗ. ಗೊತ್ತಿಲ್ಲದಿದ್ದರೆ ಪಕ್ಕದಲ್ಲಿ ಕೂತ ಹಿರಿಯರನ್ನು ಕೇಳಿ, ಖುಷಿಯಿಂದ ಹೇಳುತ್ತಾರೆ.

ಕ್ಯಾಮೆರಾ ಬಗ್ಗೆ ಹೇಳುವುದು ಸ್ವಲ್ಪವೇ. ಗಾಜಿಗೆ ಮೊಬೈಲ್ ಒತ್ತಿ ಹಿಡಿದರೆ ಒಳಗಿನ ಪ್ರತಿಬಿಂಬ ಬೀಳುವುದಿಲ್ಲ. ಹತ್ತಿರದ ಕಂಬ ಕಲಸಿಹೋಗುತ್ತದೆ, ದೂರದ ಬೆಟ್ಟ ನಿಲ್ಲುತ್ತದೆ. ದಯವಿಟ್ಟು ಬಾಗಿಲಲ್ಲಿ ನೇತಾಡಬೇಡಿ.

ಮತ್ತೆ ದಿನಾಂಕ, ಊರು ಹಾಕಿ. ಇದನ್ನು ನಾನು ಕಾಳಜಿಯಿಂದಲೇ ಹೇಳುತ್ತಿದ್ದೇನೆ. ಬೆಂಗಳೂರು–ಮೈಸೂರು ಹೊಸ ಹೆದ್ದಾರಿ 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾಯಿತು. ಅದಕ್ಕಾಗಿ ಎಷ್ಟೋ ಮರಗಳು ಹೋದವು. ಆ ಮರಗಳ ಕೆಳಗೆ ಬಸ್ಸಿಗೆ ಕಾಯುತ್ತಾ ಯಾರೋ ಸುಮ್ನೆ ತೆಗೆದ ಫೋಟೋಗಳು ಈಗ ದಾಖಲೆ. ಎಲ್ಲಿಯದು, ಯಾವಾಗಿನದು ಅಂತ ಬರೆದಿಟ್ಟಿದ್ದರೆ ಮಾತ್ರ.

ಶಿರಾಡಿ ಘಾಟಿ ಹತ್ತಿ ಇಳಿಯುವವರು, ಕಾರವಾರದಲ್ಲಿ ಕಾಳಿ ದಾಟುವವರು, ಕಲಬುರಗಿಯ ತೊಗರಿ ಹೊಲಗಳ ನಡುವೆ ಕೆಲಸಕ್ಕೆ ಹೋಗುವವರು, ನೀವೂ ಬರೆಯಿರಿ. ನಿಮ್ಮ ದಾರಿಯಲ್ಲಿ ಈ ವಾರ ಯಾವ ಹೂ ಬಿಟ್ಟಿದೆ, ಯಾವ ಮಳೆ ನಡೆಯುತ್ತಿದೆ, ನನಗೆ ಓದಬೇಕು.