ನಮ್ಮ ಹಳೇ ರಸ್ತೆ ಇನ್ನೂ ಡ್ಯೂಟಿಯಲ್ಲಿದೆ

ಅಮೆರಿಕದಲ್ಲಿ ರೂಟ್ 66 ಅಂತ ಒಂದು ರಸ್ತೆ ಇತ್ತು. ಶಿಕಾಗೋದಿಂದ ಸಾಂಟಾ ಮೋನಿಕಾವರೆಗೆ, ಹತ್ತಿರ ಹತ್ತಿರ ನಾಲ್ಕು ಸಾವಿರ ಕಿಲೋಮೀಟರು. 1926ರಲ್ಲಿ ಹುಟ್ಟಿತು. ದೊಡ್ಡ ಹೆದ್ದಾರಿಗಳು ಬಂದ ಮೇಲೆ 1985ರಲ್ಲಿ ಸರ್ಕಾರದ ಪಟ್ಟಿಯಿಂದಲೇ ಅದರ ಹೆಸರು ತೆಗೆದರು. ಈಗ ನೂರು ವರ್ಷದ ಸಡಗರ. ಅವರು ಅಳಲಿ, ಕುಣಿಯಲಿ, ಅದು ಅವರ ರಸ್ತೆ. ಆದರೆ ಆ ಸಡಗರದ ಗಾಳಿ ಘಟ್ಟ ಹತ್ತಿ ನಮ್ಮ ಮಲೆನಾಡಿನ ಕಡೆಗೂ ಬಂದುಬಿಟ್ಟಿದೆ. ಶನಿವಾರ ಬೆಳಿಗ್ಗೆ ತೀರ್ಥಹಳ್ಳಿ ಪೇಟೆಯಲ್ಲಿ ನಿಂತರೆ ಸಾಕು, ಹೆಲ್ಮೆಟ್ಟಿಗೆ ಕ್ಯಾಮೆರಾ ಅಂಟಿಸಿಕೊಂಡವರ ದಂಡು. ಏನು ಅಂತ ಕೇಳಿದರೆ ಹಳೇ ಹೆದ್ದಾರಿಯ ನೆನಪಿನ ಯಾತ್ರೆ ಅಂತೆ.

ಅವರಲ್ಲೊಬ್ಬರು ಅಡಿಕೆ ಮೂಟೆ ಇಳಿಸುತ್ತಿದ್ದವರನ್ನು ಕೇಳಿದರು, "ಅಣ್ಣಾ, ಆಗುಂಬೆಗೆ ಹಳೇ ರಸ್ತೆ ಯಾವುದು?"

"ಹೊಸದು ಎಲ್ಲಿತ್ತು ಮಾರಾಯ್ರೇ? ನೀವು ನಿಂತಿದ್ದೀರಲ್ಲ, ಅದೇ."

ಫಜೀತಿ ಇರೋದೇ ಇಲ್ಲಿ. ಅಮೆರಿಕದವರ ರಸ್ತೆ ರಿಟೈರ್ ಆಗಿದೆ, ನೆನೆಸಿಕೊಂಡು ಕಣ್ಣೀರು ಹಾಕಬಹುದು. ನಮ್ಮದು ಇನ್ನೂ ಡ್ಯೂಟಿಯಲ್ಲಿದೆ. ಬೆಳಿಗ್ಗೆ ಎದ್ದು ಹಾಲಿನ ಗಾಡಿ, ಸ್ಕೂಲ್ ವ್ಯಾನು, ಆಂಬುಲೆನ್ಸು ಎಲ್ಲ ಅದರ ಮೇಲೇ ಹೋಗಬೇಕು. ಬದುಕಿರುವವರ ತಿಥಿ ಊಟಕ್ಕೆ ಎಲೆ ಹಾಕಿಸಿಕೊಂಡು ಕೂತರೆ ಮನೆಯವರಿಗೆ ಹೇಗಾಗಬೇಡ?

ಹಾಗಂತ ನಮ್ಮವರನ್ನು ಹೊಗಳದೇ ಇರೋಕಾಗಲ್ಲ. ಪರಂಪರೆ ಉಳಿಸೋದು ಅಂದರೆ ಹೀಗೆ ಉಳಿಸಬೇಕು. ಕೋಟೆ ಗೋಡೆಗೆ ಯಾರಾದರೂ ಸಿಮೆಂಟು ಮೆತ್ತಿ ಹಾಳು ಮಾಡಿಯಾರು, ನಮ್ಮ ಒಳರಸ್ತೆಯ ಗುಂಡಿಗಳನ್ನು ಮಾತ್ರ ಯಾರೂ ಮುಟ್ಟಿಲ್ಲ. ಊರಿನವರು ಸಿಟ್ಟಿಗೆದ್ದು ಗುಂಡಿಯಲ್ಲಿ ಭತ್ತದ ಸಸಿ ನಾಟಿ ಮಾಡಿ ಪ್ರತಿಭಟನೆ ಮಾಡ್ತಾರಲ್ಲ, ಯಾತ್ರೆಯವರು ಅದರ ಫೋಟೋನೂ ತೆಗೆದುಕೊಂಡು ಹೋಗ್ತಾರೆ. ಹಸಿರು ಚೆನ್ನಾಗಿ ಬಂದಿದೆಯಂತೆ.

ಇತಿಹಾಸದ ವಿಷಯಕ್ಕೆ ಬಂದರೆ, ಮೋಸ ಇಲ್ಲ, ನಮ್ಮ ದಾರಿಗಳ ಎದುರು ರೂಟ್ 66 ಇನ್ನೂ ಕೂಸು. 1623ರಲ್ಲಿ ಪಿಯೆತ್ರೊ ದೆಲ್ಲಾ ವಾಲ್ಲೆ ಅಂತ ಒಬ್ಬ ಇಟಲಿಯವನು ಹೊನ್ನಾವರದಲ್ಲಿ ಇಳಿದು, ಗೇರುಸೊಪ್ಪೆ ಮೇಲಿಂದ ಘಟ್ಟ ಹತ್ತಿ ಇಕ್ಕೇರಿಗೆ ಬಂದಿದ್ದ. ಪೋರ್ಚುಗೀಸರ ರಾಯಭಾರಿ ಕೆಳದಿಯ ಅರಸ ವೆಂಕಟಪ್ಪ ನಾಯಕನನ್ನು ಕಾಣಲು ಹೊರಟಿದ್ದ, ಇವನೂ ಜೊತೆಗೆ ಸೇರಿಕೊಂಡ. ರೀಲ್ಸ್ ಇರಲಿಲ್ಲ ಪಾಪ, ಕಂಡಿದ್ದನ್ನೆಲ್ಲ ಇಟಲಿಯ ಗೆಳೆಯನಿಗೆ ಕಾಗದ ಬರೆದ. ಪುಣ್ಯಾತ್ಮ ಎಂಥವನು ಅಂದರೆ, ಪರ್ಷಿಯಾದಲ್ಲಿ ತೀರಿಕೊಂಡ ಹೆಂಡತಿಯ ದೇಹವನ್ನು ಅಲ್ಲಿ ಮಣ್ಣು ಮಾಡಲು ಮನಸ್ಸಾಗದೆ, ಹಡಗು ಹತ್ತಿಸಿ, ಭಾರತ ಸುತ್ತಿಕೊಂಡು ರೋಮ್‌ವರೆಗೂ ಒಯ್ದ. ಈಗಿನವರು ಹೆಂಡತಿಯ ಒಂದು ಸೂಟ್‌ಕೇಸ್ ಜಾಸ್ತಿ ಆಯಿತು ಅಂತ ನಗರದವರೆಗೂ ಗೊಣಗ್ತಾರೆ.

ನಗರ ಅಂದೆನಲ್ಲ, ಹಳೇ ಬಿದನೂರು, ಕೆಳದಿ ಅರಸರ ರಾಜಧಾನಿ. ಮೆಣಸು, ಅಕ್ಕಿ ಹೊತ್ತ ಹೇರೆತ್ತುಗಳು ಘಟ್ಟ ಇಳಿಯುತ್ತಿದ್ದವು, ಉಪ್ಪು ಹೊತ್ತು ಹತ್ತುತ್ತಿದ್ದವು. ದಾರಿ ಸಲೀಸಾದರೆ ಶತ್ರು ನುಗ್ಗುತ್ತಾನೆ ಅಂತ ಸುತ್ತಲಿನ ಕಾಡನ್ನೇ ಕೋಟೆ ಮಾಡಿಕೊಂಡಿದ್ದ ರಾಜ್ಯ ಅದು. ಆದರೂ 1763ರಲ್ಲಿ ಹೈದರಾಲಿ ಬಂದೇಬಂದ. ಈಗಿನವರು ಯಾವ ಹೈದರಾಲಿಗೆ ಹೆದರಿ ರಸ್ತೆಯನ್ನು ಹೀಗಿಟ್ಟಿದ್ದಾರೋ ಕಾಣೆ.

ರಿಪೇರಿನೇ ಆಗಿಲ್ಲ ಅಂದರೆ ತಪ್ಪಾಗುತ್ತೆ. ಶಿವಮೊಗ್ಗದಿಂದ ಸಾಗರದ ಮೇಲೆ ಹೊನ್ನಾವರಕ್ಕೆ ಹೋಗುವ ಹೆದ್ದಾರಿ ಮೊದಲು 206 ಇತ್ತು, ಈಗ 69. ನಂಬರ್ ಮಾತ್ರ ಒಂಚೂರೂ ಸವೆದಿಲ್ಲ. ಕೆಳಗೆ ಹೊನ್ನಾವರದಲ್ಲಿ ಅಡ್ಡ ಸಿಗುವ ಕರಾವಳಿ ಹೆದ್ದಾರಿಗೆ ಹಿಂದೆ 17 ಅಂತಿತ್ತು. ಈಗ ಅದರ ನಂಬರ್ ಏನು ಗೊತ್ತಾ? 66! ಯಾತ್ರೆಯವರು ಆ ಬೋರ್ಡಿನ ಕೆಳಗೆ ನಿಂತು ಫೋಟೋ ಹೊಡೆಸಿಕೊಳ್ಳದೇ ಮುಂದೆ ಹೋಗಲ್ಲ. ಅದೇ 66ರಲ್ಲಿ, ಅಂಕೋಲಾದ ಶಿರೂರಿನ ಹತ್ತಿರ, 2024ರ ಜುಲೈನಲ್ಲಿ ಗುಡ್ಡ ಕುಸಿದು ರಸ್ತೆ ಬದಿಯ ಚಹಾದಂಗಡಿಯನ್ನು ಮನೆಯವರ ಸಮೇತ ಗಂಗಾವಳಿ ನದಿಗೆ ತಳ್ಳಿತು. ಇಲ್ಲಿ ನಾಸ್ಟಾಲ್ಜಿಯಾ ಅಂತ ಕೂಗುವವರ ವಿಡಿಯೋದಲ್ಲಿ ಮಂಜು, ಮಳೆ, ಹೆದ್ದಾರಿ ಪಕ್ಕದ ಚಹಾ. ಗುಡ್ಡ ಕಾಣಲ್ಲ.

ಹೋಟೆಲುಗಳ ಬಗ್ಗೆ ಜಾಸ್ತಿ ಹೇಳಲ್ಲ. ಬಾಗಿಲಲ್ಲಿ ಗಾಡಿ ಚಕ್ರ, ಸೂರಿನಲ್ಲಿ ಲಾಟೀನು, ಒಳಗೆ ಬಲ್ಬು. ಅಜ್ಜಿ ಕೈರುಚಿ ಅಂತ ಬೋರ್ಡು, ಒಲೆ ಮುಂದೆ ಬಿಹಾರದ ಹುಡುಗ. ದೋಸೆ ಚೆನ್ನಾಗಿ ಹೊಯ್ತಾನೆ, ಅವನದೇನೂ ತಪ್ಪಿಲ್ಲ.

ನನಗೆ ತಡೆಯೋಕಾಗದೇ ಇರೋದು ಲಾಂಚಿನ ಗೋಳು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಆಯಿತು. ಶರಾವತಿ ಹಿನ್ನೀರು ಗದ್ದೆ, ಮನೆ, ದಾರಿ ಎಲ್ಲ ನುಂಗಿತು. ಹಿನ್ನೀರಿನ ಆಚೆಯ ತುಮರಿ ಕಡೆಯವರು ಸಾಗರಕ್ಕೆ ನೇರವಾಗಿ ಬರಬೇಕು ಅಂದರೆ ಜನ, ಗಾಡಿ ದಾಟಿಸುವ ಲಾಂಚೇ ಗತಿ. ಸೇತುವೆ ಆಗಿದ್ದು 2025ರ ಜುಲೈನಲ್ಲಿ. ಉದ್ಘಾಟನೆಯ ಹೂವು ಬಾಡುವ ಮೊದಲೇ ಶುರುವಾಯಿತು ನೋಡಿ: ಅಯ್ಯೋ, ಆಚೆ ದಡದ ಸಿಗಂದೂರು ದೇವಸ್ಥಾನಕ್ಕೆ ಲಾಂಚಿನಲ್ಲಿ ಹೋಗೋ ಮಜಾನೇ ಹೋಯ್ತು, ಆ ದಿನಗಳೇ ಬೇರೆ!

ಮಜಾ? ಸಂಜೆ ಕೊನೇ ಲಾಂಚ್ ಹೋದ ಮೇಲೆ ಹೆರಿಗೆ ನೋವು ಬಂದರೆ ಅದೆಂಥ ಮಜಾ? ಬೇಸಿಗೆಯಲ್ಲಿ ನೀರು ಇಳಿದು ಗಾಡಿ ಹತ್ತಿಸಿಕೊಳ್ಳಲ್ಲ ಅಂದಾಗ? ರಜೆ ದಿನ ನಿಮ್ಮ ಕಾರುಗಳ ಸಾಲಿನ ಹಿಂದೆ ಊರಿನವರು ಸಾಮಾನಿನ ಚೀಲ ಹಿಡಿದು ನಿಂತಾಗ? ಕರೆಂಟು ನಾಡಿಗೆಲ್ಲ ಹೋಯಿತು, ಇವರ ಗದ್ದೆಗೆ ನೀರು ಬಂತು. ಅರವತ್ತು ವರ್ಷ ಅರ್ಜಿ ಹಿಡಿದು ಅಲೆದರು. ಅವರ ಎದುರು ನಿಂತು ಲಾಂಚೇ ಚೆನ್ನಾಗಿತ್ತು ಅನ್ನಬೇಡಿ. ಈ ವಿಷಯದಲ್ಲಿ ತಮಾಷೆ ಮಾಡೋಕೆ ನನಗೂ ಬರ್ತಿಲ್ಲ, ಸಾಕಾಗಿದೆ.

ಅಷ್ಟು ನೆನಪು ಉಕ್ಕುತ್ತಿದ್ದರೆ ಕೊಪ್ಪದ ಸಹಕಾರ ಸಾರಿಗೆಯನ್ನು ನೆನೆಸಿಕೊಳ್ಳಿ. ನೌಕರರೇ ಸೇರಿ 1991ರಲ್ಲಿ ಕಟ್ಟಿದ ಬಸ್ ಸಂಸ್ಥೆ. ಆಗ ಮಲೆನಾಡಿನ ಬಸ್ ಅಂದರೆ ಬರೀ ಬಸ್ ಅಲ್ಲ. ಕಂಡಕ್ಟರ್ ಕೈಗೆ ಔಷಧಿ ಚೀಟಿ ಕೊಟ್ಟರೆ ಸಂಜೆ ಮಾತ್ರೆ ಬರ್ತಿತ್ತು, ಟಾಪ್ ಮೇಲೆ ಬಾಳೆಗೊನೆ ಹೋಗ್ತಿತ್ತು. 2020ರಲ್ಲಿ ಆ ಸಂಸ್ಥೆ ನಿಂತುಹೋಯಿತು. ಅದಕ್ಕೆ ಯಾರೂ ಬೈಕ್ ಯಾತ್ರೆ ಮಾಡಲಿಲ್ಲ. ಬಸ್ಸಿನಲ್ಲಿ ಕೂತು ಹೋಗಿದ್ದವರಿಗೆ ಬೈಕೇ ಇರಲಿಲ್ಲ ಅಲ್ವಾ?

ಕೊನೆಗೆ ಒಂದು ವ್ಯವಹಾರದ ಮಾತು. ಆಗುಂಬೆ ಘಾಟಿಯ 14 ತಿರುವುಗಳಲ್ಲಿ ಮಳೆಗಾಲಕ್ಕೆ ಭಾರಿ ವಾಹನ ಬಿಡಲ್ಲ ಅನ್ನೋ ಆದೇಶ ಮಾಮೂಲಿ. ಲಾರಿಗಳು ಊರೆಲ್ಲ ಸುತ್ತಿಕೊಂಡು ಕರಾವಳಿ ಸೇರಬೇಕು. ಸುರಂಗ ಮಾಡ್ತೀವಿ ಅನ್ನುವ ಮಾತು ಆಗಾಗ ಕೇಳುತ್ತೆ. ಅದೇನಾದರೂ ಆಗಿಹೋದರೆ, ಮಾರನೇ ದಿನವೇ ಘಾಟಿ ನೆನೆದು ಅಳುವವರ ನೂಕುನುಗ್ಗಲು ಖಂಡಿತ. ಹಾಗಾಗಿ ಅಳಬೇಕು ಅಂತಿರುವವರು ಹೋಂಸ್ಟೇ ರೂಮು ಈಗಲೇ ಹಿಡಿದಿಟ್ಟುಕೊಳ್ಳಿ. ಅಡ್ವಾನ್ಸ್ ಪೂರ್ತಿ ಕಟ್ಟಬೇಕು. ಸುರಂಗ ತಡವಾದರೆ ದುಡ್ಡು ವಾಪಸ್ ಕೇಳಬಾರದು.